ನಿಂತ ರಕ್ತವನ್ನು ನಂಬಬೇಡ

ತಮ್ಮಾ,

ನಿಮ್ಮಪ್ಪನಿಗೆ ಮೂತ್ರದಲ್ಲಿ ರಕ್ತ ಹೋಯಿತು, ನೋವೇನೂ ಇರಲಿಲ್ಲ, ಎರಡು ದಿನಕ್ಕೆ ತಾನೇ ನಿಂತಿತು, ಈಗ ಕೆಲಸಕ್ಕೆ ಹೋಗುತ್ತಿದ್ದಾನೆ ಎಂದು ಫೋನಿನಲ್ಲಿ ಹೇಳಿದೆ. ‘ನಿಂತಿತು’ ಎನ್ನುವಾಗ ನಿನ್ನ ದನಿ ಹಗುರಾಯಿತು. ನನಗೆ ಮಾತ್ರ ಹಗುರಾಗಲಿಲ್ಲ. ನೋವಿದ್ದಿದ್ದರೆ ಅವನೇ ಇಷ್ಟರಲ್ಲಿ ದವಾಖಾನೆಗೆ ಓಡಿರುತ್ತಿದ್ದ. ನೋವಿಲ್ಲ ಎಂದೇ ಸುಮ್ಮನಿದ್ದಾನೆ. ಮೂತ್ರಕೋಶದ ಗಡ್ಡೆ ಮೊದಲು ಗುರುತು ಕೊಡುವುದು ಬಹುತೇಕ ಹೀಗೆಯೇ: ನೋವಿಲ್ಲದ ರಕ್ತ, ಬಂದು ಹೋಗುವ ರಕ್ತ. ಗಡ್ಡೆಯ ಮೇಲಿನ ಸಣ್ಣ ರಕ್ತನಾಳ ಒಡೆಯುತ್ತದೆ, ಮುಚ್ಚಿಕೊಳ್ಳುತ್ತದೆ, ವಾರವೋ ತಿಂಗಳೋ ಬಿಟ್ಟು ಮತ್ತೆ ಒಡೆಯುತ್ತದೆ. ನಡುವಿನ ದಿನಗಳಲ್ಲಿ ಮೂತ್ರ ತಿಳಿಯಾಗಿಯೇ ಇರುತ್ತದೆ. ಆ ತಿಳಿಯನ್ನು ನಂಬಿ ಕೂತವರು ವರ್ಷ ಕಳೆದುಕೊಳ್ಳುತ್ತಾರೆ.

ನಾನು ಡಾಕ್ಟರಲ್ಲ, ವಾಸ್ಕೋದಲ್ಲಿ ಬಂದರಿನ ನೌಕರಿ ಮುಗಿಸಿ ಕೂತವನು. ಆದರೆ ಕೊಂಕಣಿ, ಹಿಂದಿ ಸರಿಯಾಗಿ ಬಾರದ ನಮ್ಮ ಬಾಗಲಕೋಟೆ, ವಿಜಯಪುರ, ಕೊಪ್ಪಳದ ಕಡೆಯವರ ಜೊತೆ ಬಾಂಬೋಳಿಯ ದೊಡ್ಡಾಸ್ಪತ್ರೆಗೆ ಹೋಗಿ, ಡಾಕ್ಟರು ಹೇಳಿದ್ದನ್ನು ಕನ್ನಡದಲ್ಲಿ ತಿಳಿಸಿ ಹೇಳುವ ಕೆಲಸ ನನಗೆ ಅಂಟಿಕೊಂಡಿದೆ. ಈಗ ಸಿನಿಮಾ ಉತ್ಸವ ನಡೆಯುವ ಪಣಜಿಯ ಹಳೆಯ ಕಟ್ಟಡದಲ್ಲಿ ಆ ಆಸ್ಪತ್ರೆ ಇದ್ದ ಕಾಲದಿಂದಲೂ ಹೋಗುತ್ತಿದ್ದೇನೆ. ಅಲ್ಲಿ ಕೇಳಿದ್ದು, ಕೇಳಿ ಬಂದು ಓದಿ ಖಾತ್ರಿ ಮಾಡಿಕೊಂಡದ್ದು, ಇಷ್ಟನ್ನೇ ಹೇಳುತ್ತೇನೆ.

ರಕ್ತ ಕಂಡವರಿಗೆಲ್ಲ ಗಡ್ಡೆ ಇರುವುದಿಲ್ಲ. ಕಲ್ಲು, ಸೋಂಕು, ಪ್ರೋಸ್ಟೇಟ್ ಊತ, ಕಿಡ್ನಿ ರೋಗ, ಇವೂ ಕಾರಣವಾಗುತ್ತವೆ. ಬೀಟ್‌ರೂಟ್ ತಿಂದರೆ ಕೆಲವರಿಗೆ ಮೂತ್ರ ಕೆಂಪಾಗುತ್ತದೆ, ಟಿಬಿಗೆ ಕೊಡುವ ರಿಫಾಂಪಿಸಿನ್ ಮಾತ್ರೆಯಿಂದ ಕಿತ್ತಳೆ ಬಣ್ಣ ಬರುತ್ತದೆ. ಆದರೆ ಯಾವುದು ಏನು ಎಂದು ಮನೆಯಲ್ಲಿ ಕೂತು ತೀರ್ಮಾನಿಸಲಾಗದು. ರಕ್ತ ತೆಳುವಾಗುವ ಮಾತ್ರೆ ನುಂಗುವವರು ‘ಮಾತ್ರೆಯಿಂದ ಬಂತು’ ಎಂದು ತಾವೇ ಹೇಳಿಕೊಂಡು ಬಿಡುತ್ತಾರೆ. ಅವರೂ ಪರೀಕ್ಷೆ ಮಾಡಿಸಲೇಬೇಕು. ಮಾತ್ರೆ ಅಡಗಿದ್ದ ಗಡ್ಡೆಯನ್ನು ತೋರಿಸಿಕೊಟ್ಟಿರಲೂಬಹುದು.

ನಮ್ಮವರಿಗೆ ಇನ್ನೊಂದು ತೊಡಕಿದೆ. ವಾಸ್ಕೋ ಕಡೆಯ ಬೈನಾದಲ್ಲೋ ಝುವಾರಿನಗರದಲ್ಲೋ ಸಾಲು ಖೋಲಿಗಳಲ್ಲಿ ಇರುವವರು ಬೆಳಗಿನ ಕತ್ತಲಲ್ಲಿ, ಹಿಂದೆ ಬಕೆಟ್ ಹಿಡಿದು ನಿಂತವರ ಅವಸರದಲ್ಲಿ, ಮಂದ ಬಲ್ಬಿನ ಸಂಡಾಸಿಗೆ ಹೋಗಿ ಬರುತ್ತಾರೆ. ಮೂತ್ರದ ಬಣ್ಣ ನೋಡುವವರು ಯಾರು? ಕಂಡರೂ ‘ಬಿಸಿಲಲ್ಲಿ ಕೆಲಸ, ನೀರು ಕಡಿಮೆ, ಉಷ್ಣವಾಗಿದೆ’ ಎಂದು ಜೀರಿಗೆ ನೀರು, ಎಳನೀರು, ನೆಗ್ಗಿಲು ಮುಳ್ಳಿನ ಕಷಾಯ. ಜೀರಿಗೆ ನೀರಿನ ಮೇಲೆ ನನಗೇನೂ ಸಿಟ್ಟಿಲ್ಲ, ಕುಡಿಯಲಿ. ಆದರೆ ನೀರು ಕಡಿಮೆಯಾದರೆ ಮೂತ್ರ ದಟ್ಟ ಹಳದಿಯಾಗುತ್ತದೆ. ಕೋಕಮ್ ಶರಬತ್ತಿನ ಬಣ್ಣ ಬಂದರೆ ಅದು ಉಷ್ಣದ ಲೆಕ್ಕಕ್ಕೆ ಬರುವುದಿಲ್ಲ. ಊರಿಂದ ಯಾರೋ ಕಟ್ಟಿಕೊಟ್ಟ ಬೇರಿನ ಪುಡಿಯ ಬಗ್ಗೆಯೂ ಎಚ್ಚರ. ಹಾವಿನ ವಿಷಕ್ಕೆ ಮದ್ದೆಂದು ಹೇಳುವ ಈಶ್ವರಿ ಬಳ್ಳಿಯ ಕುಲದ ಗಿಡಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ. ಅದು ಕಿಡ್ನಿಯನ್ನು ಕೆಡಿಸುತ್ತದೆ, ಮೂತ್ರದ ಹಾದಿಯಲ್ಲಿ ಕ್ಯಾನ್ಸರ್ ಹುಟ್ಟಿಸುತ್ತದೆ ಎಂಬುದು ಸಾಬೀತಾದ ಮಾತು.

ನಿಮ್ಮವ್ವನಂಥ ಹೆಂಗಸರ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೂತ್ರಕೋಶದ ಕ್ಯಾನ್ಸರ್ ಗಂಡಸರಲ್ಲಿ ಮೂರು-ನಾಲ್ಕು ಪಟ್ಟು ಹೆಚ್ಚು, ನಿಜ. ಆದರೆ ಹೆಂಗಸರಲ್ಲಿ ತಡವಾಗಿ ಪತ್ತೆಯಾಗುತ್ತದೆ. ರಕ್ತ ಕಂಡಾಗಲೆಲ್ಲ ಮುಟ್ಟಿನದೆಂದೋ, ‘ಯೂರಿನ್ ಇನ್‌ಫೆಕ್ಷನ್’ ಎಂದೋ ಐದು ದಿನದ ಮಾತ್ರೆ ಬರೆದು ಕಳಿಸುತ್ತಾರೆ. ಮಾತ್ರೆ ಮುಗಿಯುವಷ್ಟರಲ್ಲಿ ರಕ್ತ ನಿಂತಿರುತ್ತದೆ, ಮಾತ್ರೆಗೇ ನಿಂತಿತು ಎಂದು ಎಲ್ಲರೂ ತಿಳಿಯುತ್ತಾರೆ. ಸೋಂಕು ಎಂದರೆ ಮೂತ್ರದ ಕಲ್ಚರ್ ಮಾಡಿಸಿ ಎಂದು ಕೇಳು. ಕಲ್ಚರಿನಲ್ಲಿ ಏನೂ ಬೆಳೆಯದೆ ರಕ್ತ ಮಾತ್ರ ಮತ್ತೆ ಮತ್ತೆ ಬಂದರೆ, ಮಾತ್ರೆಯ ಚೀಟಿ ಹಿಡಿದು ಮನೆಗೆ ಬರಬೇಡ.

ಈ ರೋಗ ಯಾಕೆ ಬರುತ್ತದೆ? ಬೀಡಿ, ಸಿಗರೇಟು. ನಿಪ್ಪಾಣಿಯ ತಂಬಾಕು ಎಷ್ಟೇ ಒಳ್ಳೆಯದಿರಲಿ, ಅದರ ಹೊಗೆಯ ವಿಷ ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಕಿಡ್ನಿಗೆ, ಅಲ್ಲಿಂದ ಮೂತ್ರಕ್ಕೆ ಇಳಿದು ಗಂಟೆಗಟ್ಟಲೆ ಮೂತ್ರಕೋಶದ ಗೋಡೆಗೆ ತಾಗಿ ನಿಲ್ಲುತ್ತದೆ. ಈ ರೋಗದ ಸುಮಾರು ಅರ್ಧದಷ್ಟು ತಂಬಾಕಿನ ಹೊಗೆಯಿಂದಲೇ ಎಂಬುದು ಅನೇಕ ದೇಶಗಳ ಲೆಕ್ಕ. ಎರಡನೆಯದು ಕೆಲಸ. 1895ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಶಸ್ತ್ರವೈದ್ಯ ಲುಡ್ವಿಗ್ ರೇನ್, ಬಣ್ಣದ ಕಾರ್ಖಾನೆಯ ಕೂಲಿಗಳಲ್ಲಿ ಮೂತ್ರಕೋಶದ ಗಡ್ಡೆಗಳನ್ನು ಕಂಡು ಎಚ್ಚರಿಸಿದ. ಬಣ್ಣ, ರಬ್ಬರ್, ಚರ್ಮದ ಉದ್ಯಮಗಳ ಕೆಲವು ರಾಸಾಯನಿಕಗಳು ದೇಹ ಸೇರಿ ಇಪ್ಪತ್ತು ವರ್ಷ ಬಿಟ್ಟು ಕಾಡಬಲ್ಲವು. ಪೇಂಟರ್ ಕೆಲಸವನ್ನೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಪಟ್ಟಿಯಲ್ಲಿ ಇಟ್ಟಿದೆ. ನಿಮ್ಮಪ್ಪ ಎಷ್ಟೋ ವರ್ಷ ಹೋಟೆಲುಗಳಿಗೆ ಬಣ್ಣ ಬಳಿದವನು, ಕಿವಿಯ ಮೇಲೆ ಬೀಡಿ ಸಿಕ್ಕಿಸಿಕೊಂಡೇ ಏಣಿ ಹತ್ತಿದವನು. ಎರಡನ್ನೂ ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಬೇಕು. ನಾಚಿಕೆಪಟ್ಟು ‘ಚಟ ಇಲ್ಲ’ ಎನ್ನುವುದು ನಮ್ಮವರ ರೂಢಿ.

ಆಸ್ಪತ್ರೆಯಲ್ಲಿ ಮೊದಲು ಮೂತ್ರ ಪರೀಕ್ಷೆ, ಕಿಡ್ನಿ ಕೆಲಸ ತಿಳಿಯಲು ಕ್ರಿಯಾಟಿನಿನ್, ಹೊಟ್ಟೆಯ ಸ್ಕ್ಯಾನಿಂಗ್. ಸ್ಕ್ಯಾನಿಂಗಿನಲ್ಲಿ ಏನೂ ಕಾಣಲಿಲ್ಲವೆಂದು ಹಬ್ಬ ಮಾಡಬೇಡಿ. ಚಿಕ್ಕ ಗಡ್ಡೆ, ಗೋಡೆಗೆ ಚಪ್ಪಟೆಯಾಗಿ ಹರಡಿದ ರೋಗ ಅದಕ್ಕೆ ಸಿಗದೆ ಹೋಗುತ್ತವೆ. ನಿರ್ಣಯ ಆಗುವುದು ದುರ್ಬೀನಿನಿಂದ. ಮೂತ್ರದ ದಾರಿಯಲ್ಲೇ ಸಣ್ಣ ನಳಿಗೆ ಹಾಕಿ ಒಳಗೆ ನೋಡುವುದಕ್ಕೆ ಸಿಸ್ಟೋಸ್ಕೋಪಿ ಎನ್ನುತ್ತಾರೆ. ಈ ಹೆಸರು ಕೇಳಿದರೆ ಗಂಡಸರು ಎದ್ದು ಹೊರಗೆ ನಡೆಯುವುದನ್ನು ನಾನು ನೋಡಿದ್ದೇನೆ. ಮೊದಲು ಮರಗಟ್ಟಿಸುವ ಜೆಲ್ಲಿ ಹಾಕಿ ಸ್ವಲ್ಪ ಹೊತ್ತು ಬಿಡುತ್ತಾರೆ. ಆಮೇಲೆ ನೀರು ಹರಿಸುತ್ತ ನಳಿಗೆ ಒಳಗೆ ಬಿಡುತ್ತಾರೆ. ಮೂತ್ರಕ್ಕೆ ಅವಸರವಾದಂತೆ ಅನಿಸುತ್ತದೆ, ಕೆಲವು ನಿಮಿಷದ ಕೆಲಸ. ಪರದೆಯ ಮೇಲೆ ಗುಲಾಬಿ ಬಣ್ಣದ ನುಣುಪು ಗೋಡೆ ಕಾಣುತ್ತದೆ. ಗಡ್ಡೆ ಇದ್ದರೆ ಆ ಗೋಡೆಯಿಂದ ಎಳೆಎಳೆಯಾಗಿ ಹೊರಟು ನೀರಿನಲ್ಲಿ ಮೆಲ್ಲಗೆ ತೂಗುತ್ತಿರುತ್ತದೆ. ಆಮೇಲೆ ಒಂದೆರಡು ದಿನ ಉರಿ, ನೀರು ಹೆಚ್ಚು ಕುಡಿಯಬೇಕು. ಇಷ್ಟೇ. ಕಿಡ್ನಿ ಮತ್ತು ಅದರ ಕೊಳವೆಗಳನ್ನು ನೋಡಲು ಸಿಟಿ ಸ್ಕ್ಯಾನ್ ಬೇರೆ ಬೇಕಾಗುತ್ತದೆ, ಯಾಕೆಂದರೆ ಅಲ್ಲೂ ಇದೇ ಜಾತಿಯ ಪದರವಿದೆ.

ಗಡ್ಡೆ ಕಂಡರೆ ಮುಂದಿನದು ಅದೇ ದಾರಿಯಿಂದ ಕೆರೆದು ತೆಗೆಯುವ ಆಪರೇಷನ್. ಟಿಯುಆರ್‌ಬಿಟಿ ಎಂದು ಕೇಸ್ ಪೇಪರಿನಲ್ಲಿ ಬರೆದಿರುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ, ಬೆನ್ನಿಗೆ ಇಂಜೆಕ್ಷನ್ ಕೊಟ್ಟೋ ಪೂರ್ತಿ ಮಲಗಿಸಿಯೋ ಮಾಡುತ್ತಾರೆ. ವಾರ್ಡಿಗೆ ಬಂದಾಗ ಮೂರು ಬಾಯಿಯ ನಳಿಗೆ ಇರುತ್ತದೆ. ಒಂದರಿಂದ ಸಲಾಯಿನ್ ಒಳಗೆ, ಇನ್ನೊಂದರಿಂದ ಕೆಂಪು ನೀರು ಚೀಲಕ್ಕೆ. ನೀನು ಪಕ್ಕದಲ್ಲಿ ಕೂತು ನೋಡಬೇಕಾದ್ದು ಆ ಹರಿವನ್ನು. ಹೆಪ್ಪುಗಟ್ಟಿದ ರಕ್ತ ಸಿಕ್ಕಿ ಹರಿವು ನಿಂತು ಅವನಿಗೆ ಹೊಟ್ಟೆ ಉಬ್ಬರಿಸಿದರೆ ಆ ಕ್ಷಣ ಸಿಸ್ಟರನ್ನು ಕರೆ, ಬೆಳಗಾಗಲಿ ಎಂದು ಕಾಯಬೇಡ. ಕೆಲವರಿಗೆ ಅಂದೇ ಮೂತ್ರಕೋಶಕ್ಕೆ ಮೈಟೊಮೈಸಿನ್ ಎಂಬ ಔಷಧ ಬಿಡುತ್ತಾರೆ. ಅದು ನೇರಳೆ ಬಣ್ಣದ್ದು, ಚೀಲದಲ್ಲಿ ಆ ಬಣ್ಣ ಕಂಡು ಗಾಬರಿಬೀಳಬೇಡ.

ಈಗ ಬಯಾಪ್ಸಿ ರಿಪೋರ್ಟಿನ ಮಾತು. ಇದನ್ನು ಎರಡು ಸಲ ಓದು. ‘ಕ್ಯಾನ್ಸರ್ ಇದೆಯೋ ಇಲ್ಲವೋ’ ಎಂದಷ್ಟೇ ಕೇಳಿ ಹೊರಗೆ ಬರುತ್ತಾರೆ ಜನ. ಚಿಕಿತ್ಸೆಯ ದಾರಿ ತಿರುಗುವುದು ಬೇರೆ ಎರಡು ಮಾತಿನ ಮೇಲೆ: ಎಷ್ಟು ಆಳ, ಎಷ್ಟು ಉಗ್ರ. ಮೂತ್ರಕೋಶದ ಗೋಡೆಗೆ ಒಳಗೆ ತೆಳು ಪದರ, ಅದರ ಕೆಳಗೆ ಇನ್ನೊಂದು, ಅದರಾಚೆ ಸ್ನಾಯು. ಮೇಲಿನ ಪದರದಲ್ಲೇ ಇದ್ದರೆ ಟಿಎ, ಕೆಳಗಿನದಕ್ಕೆ ಇಳಿದಿದ್ದರೆ ಟಿ1, ಸ್ನಾಯುವಿಗೆ ಹೊಕ್ಕಿದ್ದರೆ ಟಿ2. ಚಪ್ಪಟೆಯಾಗಿ ಹರಡಿದ್ದಕ್ಕೆ ಸಿಐಎಸ್ ಎನ್ನುತ್ತಾರೆ. ನೋಡಲು ಸಣ್ಣದು, ಗುಣದಲ್ಲಿ ಕೆಟ್ಟದು. ಉಗ್ರತೆಗೆ ಲೋ ಗ್ರೇಡ್, ಹೈ ಗ್ರೇಡ್ ಎಂದು ಬರೆದಿರುತ್ತಾರೆ. ಜಗತ್ತಿನ ಲೆಕ್ಕದಲ್ಲಿ ಪತ್ತೆಯಾಗುವಾಗ ನಾಲ್ಕರಲ್ಲಿ ಸುಮಾರು ಮೂರು ಗಡ್ಡೆಗಳು ಸ್ನಾಯು ಮುಟ್ಟಿರುವುದಿಲ್ಲ.

ಡಾಕ್ಟರನ್ನು ಕೇಳಬೇಕಾದ ಒಂದು ಪ್ರಶ್ನೆ ಇದೆ, ಚೀಟಿಯಲ್ಲಿ ಬರೆದುಕೋ: ‘ತೆಗೆದ ತುಂಡಿನಲ್ಲಿ ಸ್ನಾಯು ಬಂದಿದೆಯೇ?’ ಸ್ನಾಯುವೇ ಬಂದಿರದಿದ್ದರೆ ‘ಸ್ನಾಯುವಿನಲ್ಲಿ ರೋಗವಿಲ್ಲ’ ಎಂದು ಹೇಳುವುದು ಹೇಗೆ? ಹಾಗಿದ್ದಾಗ, ಅಥವಾ ಟಿ1 ಎಂದು ಬಂದಾಗ, ಎರಡರಿಂದ ಆರು ವಾರದೊಳಗೆ ಮತ್ತೊಮ್ಮೆ ಕೆರೆದು ನೋಡುತ್ತಾರೆ. ‘ಮೊದಲ ಸಲ ಸರಿಯಾಗಿ ಮಾಡಲಿಲ್ಲ, ದುಡ್ಡಿಗಾಗಿ ಮತ್ತೆ ಕರೆಯುತ್ತಾರೆ’ ಎಂದು ನಮ್ಮವರು ಆಸ್ಪತ್ರೆ ಬದಲಿಸುವುದು ಇಲ್ಲೇ. ಎರಡನೆಯ ಸಲ ನೋಡುವುದು ಈ ರೋಗದ ಪದ್ಧತಿ.

ಅನುಮಾನವಿದ್ದರೆ ತೆಗೆದ ತುಂಡಿನ ಸ್ಲೈಡು, ಬ್ಲಾಕು ಕೇಳಿ ಪಡೆದು ಇನ್ನೊಬ್ಬ ತಜ್ಞರಿಗೆ ತೋರಿಸಬಹುದು. ಮುಂಬೈನ ಟಾಟಾ ಆಸ್ಪತ್ರೆಯಂಥ ಕಡೆ ಹೊರಗಿನ ಸ್ಲೈಡುಗಳನ್ನು ಮತ್ತೆ ಓದುತ್ತಾರೆ. ಇದರಲ್ಲಿ ಯಾರಿಗೂ ಅವಮಾನವಿಲ್ಲ. ಅಮೆರಿಕದ ಉಪಾಧ್ಯಕ್ಷನಾಗಿದ್ದ ಹ್ಯೂಬರ್ಟ್ ಹಂಫ್ರಿಗೆ 1967ರಲ್ಲಿ ಮೂತ್ರದಲ್ಲಿ ರಕ್ತ ಕಂಡಿತು. ದೇಶದ ದೊಡ್ಡ ತಜ್ಞರು ಅವನ ಜೀವಕೋಶಗಳನ್ನು ನೋಡಿ ಇದು ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಒಮ್ಮತಕ್ಕೆ ಬರಲಿಲ್ಲ. 1976ರಲ್ಲಿ ಮೂತ್ರಕೋಶವನ್ನೇ ತೆಗೆಯಬೇಕಾಯಿತು, 1978ರ ಜನವರಿಯಲ್ಲಿ ತೀರಿಕೊಂಡ. 1994ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ಸಂಶೋಧಕರು ಆ 1967ರ ಮಾದರಿಯನ್ನೇ ತೆಗೆದು ನೋಡಿದರೆ, ಕೊನೆಗೆ ಸಿಕ್ಕ ಗಡ್ಡೆಯಲ್ಲಿದ್ದ ಜೀನಿನ ದೋಷವೇ ಅದರಲ್ಲೂ ಇತ್ತು. ಅಂಥವನಿಗೇ ಹಾಗಾಯಿತು. ಇನ್ನೊಂದು ಅಭಿಪ್ರಾಯ ಕೇಳಲು ನೀನೇಕೆ ಹಿಂಜರಿಯಬೇಕು?

ಸ್ನಾಯು ಮುಟ್ಟದ, ಲೋ ಗ್ರೇಡ್ ಒಂಟಿ ಗಡ್ಡೆಯಾದರೆ ಕೆರೆದು ತೆಗೆದದ್ದೇ ಬಹುಪಾಲು ಚಿಕಿತ್ಸೆ. ಹೈ ಗ್ರೇಡ್ ಆಗಿದ್ದರೆ, ಸಿಐಎಸ್ ಇದ್ದರೆ ಬಿಸಿಜಿ. ಹೌದು, ಹುಟ್ಟಿದ ಕೂಸಿನ ಎಡತೋಳಿಗೆ ಟಿಬಿ ಬಾರದಂತೆ ಹಾಕುವ ಅದೇ ಬಿಸಿಜಿ. 1976ರಲ್ಲಿ ಕೆನಡಾದ ಅಲ್ವಾರೊ ಮೊರಾಲೆಸ್ ಮತ್ತು ಜೊತೆಗಾರರು ಅದನ್ನು ಮೂತ್ರಕೋಶದೊಳಗೆ ಬಿಟ್ಟು ಗಡ್ಡೆ ಮರಳದಂತೆ ತಡೆಯಬಹುದೆಂದು ತೋರಿಸಿದರು. ಬಿಸಿಜಿಯಲ್ಲಿರುವ ಜೀವಂತ ಕ್ರಿಮಿ ಗೋಡೆಗೆ ಅಂಟಿದಾಗ ದೇಹದ ಕಾವಲು ಎದ್ದು ಕ್ಯಾನ್ಸರ್ ಕೋಶಗಳನ್ನೂ ಸೇರಿಸಿ ಕೊಲ್ಲುತ್ತದೆ. ವಾರಕ್ಕೊಂದರಂತೆ ಆರು, ಆಮೇಲೆ ಕೆಲವು ತಿಂಗಳಿಗೊಮ್ಮೆ ಮೂರು ಮೂರರಂತೆ ಒಂದರಿಂದ ಮೂರು ವರ್ಷ. ನಳಿಗೆಯಿಂದ ಬಿಟ್ಟ ಔಷಧವನ್ನು ಎರಡು ಗಂಟೆಯ ತನಕ ತಡೆದಿಟ್ಟುಕೊಳ್ಳಬೇಕು. ಮುಂದಿನ ಆರು ಗಂಟೆ ಕೂತೇ ಮೂತ್ರ ಮಾಡಿ, ಬ್ಲೀಚಿಂಗ್ ದ್ರಾವಣ ಹಾಕಿ ಸ್ವಲ್ಪ ಹೊತ್ತು ಬಿಟ್ಟು ನೀರು ಸುರಿಯಬೇಕು. ಹತ್ತು ಮನೆಗೆ ಒಂದು ಸಂಡಾಸು ಇರುವಲ್ಲಿ ಇದು ಕಷ್ಟ, ಆದ್ದರಿಂದ ಆ ದಿನ ಆಸ್ಪತ್ರೆಯಲ್ಲೇ ಕೂತು ಮುಗಿಸಿ ಬರಲು ಕೇಳಿಕೊಳ್ಳಿ. ಉರಿ, ಪದೇಪದೇ ಹೋಗುವುದು, ಒಂದು ದಿನದ ಸಣ್ಣ ಜ್ವರ ಮಾಮೂಲು. ಜ್ವರ ಜೋರಾದರೆ, ಚಳಿ ನಡುಕ ಬಂದರೆ, ಜ್ವರ ಬಿಡದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ ಬಿಸಿಜಿ ಹಾಕಿಸಿಕೊಂಡ ಮಾತನ್ನು ಮೊದಲು ಹೇಳಬೇಕು. ಮೂತ್ರದಲ್ಲಿ ರಕ್ತ ಇರುವ ದಿನ, ಸೋಂಕಿರುವ ದಿನ ಬಿಸಿಜಿ ಹಾಕುವುದಿಲ್ಲ. ‘ಹುಬ್ಬಳ್ಳಿಯಿಂದ ಬಂದಿದ್ದೇವೆ, ಹಾಕಿಬಿಡಿ’ ಎಂದು ಜುಲುಮೆ ಮಾಡಬೇಡಿ.

ಸ್ನಾಯುವಿಗೆ ಇಳಿದಿದ್ದರೆ ಆಟ ಬೇರೆ. ಕೆರೆಯುವುದರಿಂದ ಮುಗಿಯದು. ಕಿಡ್ನಿ ಗಟ್ಟಿ ಇದ್ದರೆ ಮೊದಲು ಸಿಸ್‌ಪ್ಲಾಟಿನ್ ಸೇರಿದ ಕೀಮೋ, ಆಮೇಲೆ ಮೂತ್ರಕೋಶವನ್ನೇ ತೆಗೆಯುವ ದೊಡ್ಡ ಆಪರೇಷನ್. ಗಂಡಸರಲ್ಲಿ ಪ್ರೋಸ್ಟೇಟ್, ಹೆಂಗಸರಲ್ಲಿ ಹಲವು ಬಾರಿ ಗರ್ಭಕೋಶವೂ ಹೋಗುತ್ತದೆ. ಮೂತ್ರ ಹೊರಬರಲು ಸಣ್ಣ ಕರುಳಿನ ಒಂದು ತುಂಡನ್ನು ದಾರಿ ಮಾಡಿ ಹೊಟ್ಟೆಯ ಬಲಕ್ಕೆ ಬಾಯಿ ತೆರೆದು ಚೀಲ ಅಂಟಿಸುತ್ತಾರೆ. ಕೆಲವರಿಗೆ ಕರುಳಿನಿಂದಲೇ ಹೊಸ ಮೂತ್ರಕೋಶ ಹೊಲಿಯುತ್ತಾರೆ. ಹೊಸದು ಚೆಂದ ಅನಿಸುತ್ತದೆ, ಆದರೆ ಅದಕ್ಕೆ ತುಂಬಿದ ಸುಳಿವು ಕೊಡುವ ಗುಣವಿಲ್ಲ. ರಾತ್ರಿ ಅಲಾರಂ ಇಟ್ಟು ಏಳಬೇಕು, ಕೆಲವರು ತಾವೇ ನಳಿಗೆ ಹಾಕಿಕೊಳ್ಳುವುದನ್ನು ಕಲಿಯಬೇಕಾಗುತ್ತದೆ. ಚೀಲ ಸರಳ. ನಿಮ್ಮಪ್ಪನ ವಯಸ್ಸಿಗೆ, ಅವನ ಕೆಲಸಕ್ಕೆ ನನ್ನ ಮತ ಚೀಲದ ಕಡೆಗೆ, ಆದರೆ ಹೇಳಬೇಕಾದವನು ಅವನು. ಆಪರೇಷನ್ನಿಗೆ ಮೊದಲೇ, ಲುಂಗಿ ಕಟ್ಟುವ ಗೆರೆ ಎಲ್ಲಿ ಬರುತ್ತದೆ ಎಂದು ತೋರಿಸಿ ಬಾಯಿಯ ಜಾಗ ಗುರುತು ಮಾಡಿಸಿಕೊಳ್ಳಿ. ಗಂಡ-ಹೆಂಡಿರ ಸಂಬಂಧದ ಮೇಲೂ ಈ ಆಪರೇಷನ್ನಿನ ಪರಿಣಾಮವಿದೆ. ಮಗನ ಮುಂದೆ ಅವನು ಕೇಳಲಾರ, ಡಾಕ್ಟರ ಜೊತೆ ಒಬ್ಬನನ್ನೇ ಬಿಟ್ಟು ಹೊರಗೆ ನಿಲ್ಲು.

ಮೂತ್ರಕೋಶ ಉಳಿಸುವ ದಾರಿಯೂ ಒಂದಿದೆ: ಆದಷ್ಟು ಕೆರೆದು ತೆಗೆದು, ಕೀಮೋ ಜೊತೆಗೆ ಕರೆಂಟು, ಅಂದರೆ ರೇಡಿಯೇಷನ್. ಒಂದೇ ಗಡ್ಡೆ, ಕಿಡ್ನಿಯ ದಾರಿ ಕಟ್ಟಿಲ್ಲ, ಮೂತ್ರಕೋಶ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದಾದರೆ ಇದು ಕಡಿಮೆ ದರ್ಜೆಯ ಚಿಕಿತ್ಸೆಯಲ್ಲ. ಶಸ್ತ್ರವೈದ್ಯರನ್ನೂ ರೇಡಿಯೇಷನ್ ವೈದ್ಯರನ್ನೂ ಇಬ್ಬರನ್ನೂ ಕಂಡು ತೀರ್ಮಾನಿಸಿ. ಬೇರೆ ಅಂಗಗಳಿಗೆ ಹರಡಿದವರಿಗೆ ಕೀಮೋ ಅಲ್ಲದೆ ಈಚೆಗೆ ಇಮ್ಯುನೊಥೆರಪಿ ಬಂದಿದೆ, ಬಹಳ ದುಬಾರಿ. ಮನೆ ಮಾರುವ ಮೊದಲು ಎಷ್ಟು ಲಾಭ ನಿರೀಕ್ಷಿಸಬಹುದು ಎಂದು ನೇರವಾಗಿ ಕೇಳುವ ಹಕ್ಕು ನಿನಗಿದೆ.

ದುಡ್ಡಿನ ಕಾಗದಗಳನ್ನು ಮೊದಲೇ ಹೊಂದಿಸಿಕೋ. ಬಾಂಬೋಳಿಯಲ್ಲಿ 2018ರಿಂದ ಗೋವಾದ ಹೊರಗಿನವರಿಗೆ ಶುಲ್ಕವಿದೆ. ಐದು ವರ್ಷದಿಂದ ಇಲ್ಲೇ ನೆಲೆಸಿದವರಿಗೆ 2016ರಿಂದ ದೀನ್ ದಯಾಳ್ ಸ್ವಾಸ್ಥ್ಯ ಸೇವಾ ಯೋಜನೆಯ ಕಾರ್ಡು ಸಿಗುತ್ತದೆ. ನಮ್ಮವರು ಇಲ್ಲಿ ಇಪ್ಪತ್ತು ವರ್ಷ ದುಡಿದರೂ ರೇಷನ್ ಕಾರ್ಡು, ಓಟು ಎರಡೂ ಊರಲ್ಲೇ ಇಟ್ಟುಕೊಂಡು ಇದನ್ನು ಮಾಡಿಸಿರುವುದಿಲ್ಲ. ಅಂಥವರಿಗೆ ಊರಿನ ಆಯುಷ್ಮಾನ್ ಕಾರ್ಡು ಹುಬ್ಬಳ್ಳಿಯಲ್ಲೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೋ ಉಪಯೋಗಕ್ಕೆ ಬರುತ್ತದೆ. 70 ದಾಟಿದವರಿಗೆ ಆದಾಯ ನೋಡದೆ ಆಯುಷ್ಮಾನ್ ಕಾರ್ಡು ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2024ರಲ್ಲಿ ಶುರುಮಾಡಿತು. ಚಿಕಿತ್ಸೆ ಎಲ್ಲಿ ಮಾಡಿಸುತ್ತೀರೋ ಒಂದು ಕಡೆ ನಿಲ್ಲಿ. ಅರ್ಧ ಚಿಕಿತ್ಸೆ ಇಲ್ಲಿ, ಅರ್ಧ ಅಲ್ಲಿ ಆದಾಗ ಕಾಗದ ಕಳೆಯುತ್ತದೆ, ತಾರೀಖು ತಪ್ಪುತ್ತದೆ.

ತಾರೀಖೇ ಈ ರೋಗದಲ್ಲಿ ಮುಖ್ಯ. ಗಡ್ಡೆ ತೆಗೆದ ಮೇಲೂ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಮತ್ತೆ ಬರುತ್ತದೆ. ಸಣ್ಣದಿರುವಾಗ ಸಿಕ್ಕರೆ ಮತ್ತೆ ಕೆರೆದರಾಯಿತು. ಅದಕ್ಕೇ ಮೂರನೇ ತಿಂಗಳಿಗೆ ದುರ್ಬೀನು, ಆಮೇಲೆ ಡಾಕ್ಟರು ಬರೆದಷ್ಟು ದಿನಕ್ಕೊಮ್ಮೆ, ವರ್ಷಗಟ್ಟಲೆ. ನಮ್ಮವರಲ್ಲಿ ಅದು ಬಿತ್ತನೆಗೋ ಜಾತ್ರೆಗೋ ಮದುವೆಗೋ ಅಡ್ಡ ಬರುತ್ತದೆ. ‘ಊರಿಗೆ ಹೋಗಿ ಬಂದು ತೋರಿಸೋಣ, ಹೇಗೂ ರಕ್ತ ಇಲ್ಲವಲ್ಲ’ ಎಂದು ಹೋದವರು ಒಂದು ವರ್ಷ ಬಿಟ್ಟು, ಸ್ನಾಯುವಿಗೆ ಇಳಿಸಿಕೊಂಡು ಬಂದದ್ದಿದೆ. ಜೊತೆಗೆ ಬೀಡಿ ಮುಂದುವರಿಸಿದರೆ ಮರಳಿ ಬರುವ ಸಾಧ್ಯತೆ ಇನ್ನೂ ಹೆಚ್ಚು.

‘ಅಪ್ಪನಿಗೆ ಹೇಳಬೇಡಿ ಡಾಕ್ಟ್ರೇ, ಎದೆಯೊಡೆದು ಹೋದಾನು’ ಎನ್ನಲು ನಿನ್ನ ನಾಲಗೆ ಮುಂದೆ ಬರುತ್ತದೆ. ಹೇಳಿಸು. ಎರಡು ಗಂಟೆ ಔಷಧ ತಡೆದು ಕೂರಬೇಕಾದವನು ಅವನು, ಬೀಡಿ ಬಿಡಬೇಕಾದವನು ಅವನು, ವರ್ಷಗಟ್ಟಲೆ ಆ ಮೇಜಿನ ಮೇಲೆ ಮಲಗಬೇಕಾದವನೂ ಅವನೇ. ಏನೆಂದು ತಿಳಿಯದೆ ಇಷ್ಟೆಲ್ಲ ಯಾರು ಮಾಡುತ್ತಾರೆ? ಡಾಕ್ಟರ ಬಾಯಿಂದ, ನಿನ್ನ ಮುಂದೆ, ಅವನ ಭಾಷೆಯಲ್ಲಿ ಹೇಳಿಸೋಣ. ಕನ್ನಡಕ್ಕೆ ನಾನಿದ್ದೇನೆ.

ಬಾಂಬೋಳಿಯಲ್ಲಿ ಯೂರಾಲಜಿ ಒಪಿಡಿ ಯಾವ ದಿನ ಎಂದು ಇಂದೇ ವಿಚಾರಿಸು. ಬರುವಾಗ ಆಧಾರ್, ಕಾರ್ಡುಗಳು, ಹಳೆಯ ರಿಪೋರ್ಟು, ಅವನು ನುಂಗುವ ಎಲ್ಲ ಮಾತ್ರೆಗಳ ಪಾಕೀಟು ತಗೊಂಡು ಬಾ. ರಕ್ತ ತೆಳುವಾಗುವ ಮಾತ್ರೆ ಇದ್ದರೆ ನೀನೇ ನಿಲ್ಲಿಸಬೇಡ, ಡಾಕ್ಟರು ಹೇಳಲಿ. ಉಗಾದಿಗೆ ಊರಿಗೆ ಹೋಗುವ ಟಿಕೆಟನ್ನು ದುರ್ಬೀನು ಆದ ಮೇಲೆ ತೆಗೆಸು.